ಬಟಾಣಿಗೆ ಹೇಳಿದ ಮಾತು

ಬುಧವಾರ, ಮಧ್ಯಾಹ್ನ

ಪ್ರೀತಿಯ ಅತ್ತಿಗೆ,

ನಮಸ್ಕಾರ. ಬಟಾಣಿ ಈಗಷ್ಟೇ ಮಲಗಿದಳು. ಮಾವನೂ ಟೇಬಲ್ಲಿನ ಮೇಲೆ ದಿಂಬಿಟ್ಟು, ಅದಕ್ಕೆ ಹಣೆ ಆನಿಸಿ, ಕೂತಲ್ಲೇ ಕಣ್ಣು ಮುಚ್ಚಿದ್ದಾರೆ. ಮಲಗಿದರೆ ಉಸಿರು ಸಿಗುವುದಿಲ್ಲ ಎಂದು ಹೇಳಿದ್ದೆನಲ್ಲ, ಈಗ ಹಿಂದಕ್ಕೆ ಒರಗಿದರೂ ಸಿಗುವುದಿಲ್ಲ. ನಿಮ್ಮ ತಮ್ಮ ಕೆಲಸಕ್ಕೆ ಹೋಗಿದ್ದಾರೆ. ಇವರಿಬ್ಬರಲ್ಲಿ ಯಾರಾದರೊಬ್ಬರು ಏಳುವವರೆಗೆ ಹೊತ್ತು ನನ್ನದು.

ದಿನಕ್ಕೆರಡು ಸಲ ಫೋನಿನಲ್ಲಿ ಸಿಗುವವಳು ಕಾಗದ ಯಾಕೆ ಬರೆದಳು ಎಂದುಕೊಳ್ಳುತ್ತೀರಿ. ಫೋನಿನಲ್ಲಿ ನೀವು ಹೇಳುತ್ತೀರಿ, ನಾನು ಹೂಂಗುಟ್ಟುತ್ತೇನೆ. ಅದು ನಿಮ್ಮ ತಪ್ಪಲ್ಲ. ನಿಮ್ಮ ದನಿ ಕೇಳಿದರೆ ನಿಮ್ಮ ತಮ್ಮನೇ ಎದ್ದು ನಿಂತು ಮಾತಾಡುತ್ತಾರೆ, ಇನ್ನು ನನ್ನದೇನು. ಅಲ್ಲದೆ ಮಾವನ ಕೋಣೆಗೂ ಅಡುಗೆಮನೆಗೂ ನಡುವೆ ಇರುವುದು ಒಂದು ಪರದೆ. ಪಿಸುಗುಟ್ಟಿದರೂ ಅವರಿಗೆ ಕೇಳುತ್ತದೆ. ಮೆಡಿಕಲ್ ಶಾಪಿನವರ ತಂಗಿ ನಾಳೆ ನಿಮ್ಮೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಭಾನುವಾರ ನೀವು ಗಾಡಿ ಮಾಡಿಕೊಂಡು ಹೊರಡುವ ಮೊದಲು ಇದು ನಿಮ್ಮ ಕೈ ಸೇರಬೇಕು.

ಸುತ್ತಿ ಬಳಸುವುದಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಅವರಿವರ ಕಾಲು ಹಿಡಿದು ನೀವು ಹಾಸಿಗೆ ಗೊತ್ತು ಮಾಡಿದ್ದೀರಿ, ಹೊಸ ಔಷಧಿ ಶುರು ಮಾಡಿಸಬೇಕೆಂದಿದ್ದೀರಿ. ಮಾವನಿಗೆ ಅದು ಬೇಡವಂತೆ.

ಬೇಡವಂತೆ ಎಂದು ಬರೆದೆ, ಯಾಕೆಂದರೆ ಅವರು ಅದನ್ನು ನನಗೆ ಹೇಳಲಿಲ್ಲ. ಬಟಾಣಿಗೆ ಹೇಳಿದರು.

ನಿಮಗೆ ಗೊತ್ತಿರುವುದೇ. ನಾನು ಈ ಮನೆಗೆ ಬಂದಂದಿನಿಂದ ಮಾವ ನನ್ನ ಹತ್ತಿರ ನೇರವಾಗಿ ಮಾತಾಡಿದವರಲ್ಲ. ಸಿಟ್ಟಲ್ಲ, ಸಂಕೋಚ. ಕಟಿಂಗ್ ಶಾಪಿನಲ್ಲಿ ಕನ್ನಡಿ ನೋಡಿಕೊಂಡು ಇಡೀ ಬೀದಿಯನ್ನು ನಗಿಸುತ್ತಿದ್ದವರು, ಮನೆಗೆ ಬಂದರೆ ಬಾಯಿಗೆ ಬೀಗ. ಮೊದಮೊದಲು 'ಅವಳಿಗೆ ಹೇಳಪ್ಪಾ' ಎಂದು ನಿಮ್ಮ ತಮ್ಮನ ಮೂಲಕ ಹೇಳಿಸುತ್ತಿದ್ದರು. ಮಗು ಹುಟ್ಟಿ, ಅದಕ್ಕೆ ಬಟಾಣಿ ಎಂದು ಅವರೇ ಹೆಸರಿಟ್ಟ ಮೇಲೆ ಆ ಕೆಲಸ ಅವಳ ಪಾಲಿಗೆ ಬಂತು. ಎಂಟು ತಿಂಗಳ ಕೂಸು, ತನ್ನ ಕಾಲಿನ ಹೆಬ್ಬೆರಳು ತನ್ನದೇ ಎಂದು ಇನ್ನೂ ಗೊತ್ತಿಲ್ಲ. 'ಬಟಾಣಿ, ನಿಮ್ಮಮ್ಮಂಗೆ ಹೇಳು, ಹಾಲಿಗೆ ಸಕ್ಕರೆ ಮರೆತಿದಾಳೆ.' ನಾನೂ ಅದೇ ದಾರಿ ಹಿಡಿದೆ. 'ಬಟಾಣಿ, ತಾತಂಗೆ ಹೇಳು, ಮರೆತಿಲ್ಲ, ಡಬ್ಬ ಖಾಲಿ.' ಹೀಗೆ ನಮ್ಮ ಸಂಸಾರ ಸಾಗುತ್ತಿತ್ತು.

ಹೋದ ವಾರ ಅವರ ಗಡ್ಡ ನಾನೇ ತೆಗೆದೆ. ಅಪ್ಪನ ಮುಖದ ಮೇಲೆ ಬ್ಲೇಡು ಇಡಲು ನಿಮ್ಮ ತಮ್ಮನಿಗೆ ಕೈ ನಡುಗುತ್ತದೆ. ಮಗುವನ್ನು ಎದುರಿಗೆ ದಿಂಬುಗಳ ನಡುವೆ ಕೂರಿಸಿ, ನೊರೆ ಹಚ್ಚಿ ಶುರು ಮಾಡಿದೆ. ಪಾಠವೂ ಶುರುವಾಯಿತು. 'ಬಟಾಣಿ, ನಿಮ್ಮಮ್ಮಂಗೆ ಹೇಳು, ಅದು ಸೌತೆಕಾಯಿ ಅಲ್ಲ, ಕೆನ್ನೆ.' ಆಮೇಲೆ, 'ಚರ್ಮ ಎಳೆದು ಹಿಡೀಬೇಕು ಅನ್ನು. ಎಳೆಯೋಕೆ ಈಗ ಬೇಕಾದಷ್ಟಿದೆ.' ಮಾತು ಮಾತಿಗೂ ಉಸಿರಿಗಾಗಿ ಕಾಯುತ್ತಿದ್ದರು. ನಾನು ನಗುತ್ತಲೇ ಗದ್ದದ ಕೆಳಗೆ ಬಂದೆ. ಆಗ ಅವರು ಮಗುವನ್ನೇ ನೋಡುತ್ತಾ, ತಡೆದು ತಡೆದು ಹೇಳಿದರು. 'ಬಟಾಣಿ, ನಿಮ್ಮತ್ತೆ ಬರ್ತಾಳೆ, ಕರ್ಕೊಂಡು ಹೋಗೋಕೆ. ತಾತಂಗೆ ಸಾಕಾಗಿದೆ. ಆ ಸೂಜಿ, ಆ ವಾಂತಿ, ಇನ್ನು ಆಗಲ್ಲ. ಇರೋಷ್ಟು ದಿನ ಇಲ್ಲೇ ಇರ್ತೀನಿ. ಅವಳ ಮುಖ ನೋಡಿ ಹೇಳೋ ಧೈರ್ಯ ನಂಗಿಲ್ಲ. ಯಾರಿಗಾದ್ರೂ ಹೇಳ್ಬೇಕಲ್ಲ, ನಿಂಗೆ ಹೇಳ್ದೆ.'

ನಾನು ರೇಜರನ್ನು ನೀರಿಗೆ ಅದ್ದಿ ಜಾಡಿಸಿದೆ. ಏನೂ ಕೇಳಿಸದವಳ ಹಾಗೆ ಇನ್ನೊಂದು ಕೆನ್ನೆಗೆ ನೊರೆ ಹಚ್ಚಿದೆ.

ಇಲ್ಲಿಂದ ಎರಡನೆಯ ಹಾಳೆ. ಇದನ್ನು ಬರೆಯಲು ಕೈ ಬರುತ್ತಿಲ್ಲ.

ಕೇಳಿಸದವಳ ಹಾಗೆ ಯಾಕಿದ್ದೆ ಎಂದರೆ, ನನಗೆ ಅವರು ಹೋಗಬೇಕಿತ್ತು. ಅವರು ಕೆಮ್ಮಿದರೆ ಮಗು ಏಳುತ್ತದೆ, ಮಗು ಅತ್ತರೆ ಅವರು ಏಳುತ್ತಾರೆ, ಇಬ್ಬರೂ ಸುಮ್ಮನಿದ್ದರೆ ನಾನೇ ಎದ್ದು ಇಬ್ಬರ ಮೂಗಿನ ಹತ್ತಿರವೂ ಕೈ ಹಿಡಿದು ನೋಡುತ್ತೇನೆ. ನಿದ್ದೆ ಎಂದರೆ ಹೇಗಿರುತ್ತಿತ್ತು ಎಂಬುದೇ ಮರೆತುಹೋಗಿದೆ. ಈಚೆಗೆ ಒಂದು ದಿನ ಹಾಲಿನ ಬಾಟಲಿಯನ್ನು ಬೀರುವಿನಲ್ಲಿಟ್ಟು ಮಡಚಿದ ಬಟ್ಟೆಗಳನ್ನು ಫ್ರಿಜ್ಜಿನಲ್ಲಿಟ್ಟಿದ್ದೆ. ಅದಕ್ಕೆ ನಗಬಹುದು. ಅದೇ ದಿನ ಬಟಾಣಿಗೆ ಜ್ವರವೆಂದು ಔಷಧಿ ಬಗ್ಗಿಸಿ, ಚಮಚವನ್ನು ಅವಳ ತುಟಿಯವರೆಗೆ ಒಯ್ದಿದ್ದೆ. ವಾಸನೆ ಬೇರೆ ಎನಿಸಿತು. ತಿರುಗಿ ನೋಡಿದರೆ ಮಾವನ ನೋವಿನ ಔಷಧಿಯ ಸೀಸೆಯ ಮುಚ್ಚಳ ತೆಗೆದಿತ್ತು. ಚಮಚವನ್ನು ಸಿಂಕಿಗೆಸೆದು ಅಲ್ಲೇ ನೆಲದ ಮೇಲೆ ಕೂತೆ. ಇದು ನಿಮ್ಮ ತಮ್ಮನಿಗೂ ಗೊತ್ತಿಲ್ಲ. ಈಗ ಎರಡು ಸೀಸೆಗಳೂ ಬೇರೆ ಬೇರೆ ಕೋಣೆಯಲ್ಲಿವೆ, ಆದರೂ ಪ್ರತಿ ಸಲ ಲೇಬಲ್ಲನ್ನು ಗಟ್ಟಿಯಾಗಿ ಓದಿಕೊಳ್ಳುತ್ತೇನೆ.

ಅವತ್ತಿನಿಂದ ಭಾನುವಾರ ಯಾವಾಗ ಬಂದೀತು ಎಂದು ಕಾಯುತ್ತಿದ್ದೆ. ನೀವು ಅವರನ್ನು ಕರೆದುಕೊಂಡು ಹೊರಟ ಕೂಡಲೇ ಬಾಗಿಲು ಹಾಕಿ, ಮಗುವನ್ನು ತಬ್ಬಿ ಬಿದ್ದುಕೊಳ್ಳುವುದು. ಬೇರೇನೂ ಬೇಡ. ಅವರ 'ಬೇಡ' ಬಟಾಣಿಯ ಹೊಟ್ಟೆಯಲ್ಲೇ ಇರಲಿ, ಅವಳಂತೂ ಯಾರಿಗೂ ಹೇಳುವುದಿಲ್ಲ ಎಂದುಕೊಂಡಿದ್ದೆ.

ಇದನ್ನೆಲ್ಲ ನಿಮ್ಮಿಂದ ಸಮಾಧಾನ ಹೇಳಿಸಿಕೊಳ್ಳಲು ಬರೆದಿಲ್ಲ. ಸೊಸೆ ತನಗೆ ಬೇಕಾದ ಹಾಗೆ ಮಾತು ಕಟ್ಟಿದಳು ಎಂದು ನಿಮಗೆ ಅನಿಸಬಾರದು. ಅವರ ಮಾತು ನನಗೆ ಅನುಕೂಲದ್ದಲ್ಲ, ಅತ್ತಿಗೆ.

ಇನ್ನು ಮೂರನೆಯ ಹಾಳೆ. ನಿನ್ನೆ ನೀವು ಫೋನಿನಲ್ಲಿ ಭಾನುವಾರದ ಮಾತೆತ್ತಿದಾಗ ಮಾವ 'ಆಯ್ತಮ್ಮ' ಎಂದರು. ನಿಮಗೆ ಸಮಾಧಾನವಾಯಿತು, ದನಿಯಲ್ಲೇ ಗೊತ್ತಾಯಿತು. ಫೋನು ಇಟ್ಟ ಮೇಲೆ ಅವರು ತಮ್ಮ ಸಾಮಾನಿನ ಪೆಟ್ಟಿಗೆ ಬೇಕೆಂದು ಸನ್ನೆ ಮಾಡಿದರು. ಒಂದೊಂದೇ ಕತ್ತರಿಯನ್ನು ಒರೆಸಿದರು, ಎಣ್ಣೆ ಬಿಟ್ಟರು, ಗಾಳಿಯಲ್ಲಿ ಎರಡು ಸಲ ಕಚಕಚ ಆಡಿಸಿ ನೋಡಿದರು. ಅಂಗಡಿ ವಹಿಸಿಕೊಂಡವನಿಗೆ ಕೊಡಬೇಕೆಂದು ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದರು. ತಿರುಗಿ ಬರುವವರು ಹಾಗೆ ಗಂಟು ಹಾಕುವುದಿಲ್ಲ. ಆಮೇಲೆ ಅವರು ಬಟಾಣಿಯ ಹತ್ತಿರವೂ ಮಾತಾಡಲಿಲ್ಲ. ಅವಳು ಕೈ ಬಡಿದು ಕರೆದರೂ ತಲೆ ಸವರಿ ಸುಮ್ಮನಾದರು.

ನಿಮ್ಮ ತಮ್ಮನಿಗೆ ಹೇಳಿದೆ. 'ಅಕ್ಕಂಗೆ ನೀನೇ ಹೇಳ್ಕೋ' ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಬಂದಾಗ ಕಣ್ಣು ಕೆಂಪಾಗಿತ್ತು. ಇಲ್ಲಿನ ಡಾಕ್ಟರನ್ನೂ ಕೇಳಿದೆ. ಕ್ಯಾನ್ಸರು ಲಿವರಿಗೆ, ಬೆನ್ನಿನ ಮೂಳೆಗೆ ಹರಡಿರುವಾಗ ಹೊಸ ಔಷಧಿಯಿಂದ ಕೆಲವು ವಾರ ಹೆಚ್ಚಬಹುದು, ಹೆಚ್ಚದೆಯೂ ಇರಬಹುದು, ಅಷ್ಟು ದೂರದ ದಾರಿಯನ್ನು ತಡೆದುಕೊಳ್ಳುವುದೇ ಕಷ್ಟ ಎಂದರು. ಇಲ್ಲಿದ್ದರೆ ನೋವಿಗೂ ಉಸಿರಿಗೂ ಬೇಕಾದದ್ದನ್ನು ನರ್ಸಮ್ಮ ಮನೆಗೇ ಬಂದು ಮಾಡುತ್ತಾರಂತೆ.

ಅಮ್ಮನಿಗೆ ಏನೂ ಮಾಡಿಸಲಾಗಲಿಲ್ಲ, ಅಪ್ಪನಿಗಾದರೂ ಒಂದೂ ಬಿಡದೆ ಮಾಡಿಸುತ್ತೇನೆ ಎಂದು ನೀವು ಹಟ ತೊಟ್ಟಿದ್ದೀರಿ. ನಾನು ಆ ಅತ್ತೆಯನ್ನು ಫೋಟೋದಲ್ಲಿ ಕಂಡವಳು, ಆ ವಿಷಯದಲ್ಲಿ ಬಾಯಿ ಹಾಕುವುದಿಲ್ಲ. ಭಾನುವಾರ ಗಾಡಿ ಬೇಡ, ನೀವು ಬನ್ನಿ. ಬಂದು ಇರಿ. ಅವರ ಬೆನ್ನು ನೀವುವುದಕ್ಕೆ, ಮುಖಕ್ಕೆ ಸಣ್ಣ ಫ್ಯಾನು ಹಿಡಿಯುವುದಕ್ಕೆ ಇನ್ನೊಂದು ಜೊತೆ ಕೈ ಬೇಕಾಗಿದೆ. ಬೈಯುವುದಿದ್ದರೆ ಬಂದ ಮೇಲೆ ಬೈಯಿರಿ. ನಾನು ಪಾತ್ರೆ ತೊಳೆಯುತ್ತಾ ಕೇಳಿಸಿಕೊಳ್ಳುತ್ತೇನೆ.

ಕೂಸು ಎದ್ದಿತು. ನಿಲ್ಲಿಸುತ್ತೇನೆ.

ನಿಮ್ಮ ದಾರಿ ಕಾಯುವ,
ಬಟಾಣಿಯ ಅಮ್ಮ

ವಿ.ಸೂ.: ಮಾವನ ವಿಷಯವನ್ನು ಅವರಿಗೇ ತಿಳಿಸದೆ ಕಳಿಸುವುದು ಸರಿಯಲ್ಲವೆನಿಸಿತು. ಸಂಜೆ ಬಟಾಣಿಯನ್ನು ತೊಡೆಯ ಮೇಲಿಟ್ಟುಕೊಂಡು, ಅವರ ಪಕ್ಕದಲ್ಲಿ ಕೂತು, ಈ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಎರಡನೆಯ ಹಾಳೆಯನ್ನು ಮಾತ್ರ ಓದದೆ ಕೆಳಗೆ ಸೇರಿಸಿಬಿಟ್ಟೆ. ಮುಗಿದ ಮೇಲೆ ಅವರು ಬಹಳ ಹೊತ್ತು ಉಸಿರು ಕೂಡಿಸಿಕೊಂಡು, 'ನಡುವೆ ಒಂದು ಹಾಳೆ ನುಂಗಿದೆಯಲ್ಲಮ್ಮಾ' ಎಂದರು. ನನ್ನನ್ನೇ ನೋಡಿ ಅಂದರು. ಏನಿಲ್ಲ ಮಾವ, ಹಾಲು, ಬಟ್ಟೆ, ಮನೆ ಸಮಾಚಾರ ಎಂದೆ. 'ನೀನು ಮಲಗಿ ಎಷ್ಟು ದಿನ ಆಯ್ತು?' ಎಂದು ಕೇಳಿದರು. ಉತ್ತರ ಹೇಳಲು ಬಾಯಿ ತೆರೆದೆ, ಅಳು ಬಂತು, ಎದ್ದು ಅಡುಗೆಮನೆಗೆ ಹೋದೆ. ತಿರುಗಿ ಬಂದಾಗ ಅವರು ಹೇಳಿದ್ದು ಇದು: 'ಹೋಗ್ತೀನಿ ಅಂತ ಬರೆದ್ಬಿಡು. ಅಲ್ಲಿ ನರ್ಸುಗಳಿದಾರೆ.'

ಬರೆಯುವುದಿಲ್ಲ ಎಂದೆ. ಹಾಗಾದರೆ ಫೋನಿನಲ್ಲಿ ತಾವೇ ಹೇಳುತ್ತಾರಂತೆ. ನಾಳೆಯೋ ನಾಡಿದ್ದೋ ಅವರು ನಿಮಗೆ, ಗಾಡಿ ತಗೊಂಡು ಬಾ ಮಗಳೇ, ನಂಗೆ ಆಸ್ಪತ್ರೆಗೆ ಹೋಗೋ ಮನಸ್ಸಿದೆ ಎಂದಾರು. ಆ ಮಾತು ನನ್ನ ನಿದ್ದೆಗಾಗಿ ಹುಟ್ಟಿದ್ದು, ಅತ್ತಿಗೆ. ನಂಬಬೇಡಿ.