ಹೃದಯದ ವಿಳಾಸ ಸೋರಿದ ಬಗ್ಗೆ, ಅಂಗದಾನ ಕಚೇರಿಯ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

ನಿಮ್ಮ ಕಂಪ್ಯೂಟರುಗಳಲ್ಲಿ ವೈರಸ್ ಇಲ್ಲವೆಂದು ತಿಳಿದು ಸಂತೋಷವಾಯಿತು. ನನ್ನ ದೂರಿಗೆ ನಿಮ್ಮ ಕಚೇರಿ ಕಳಿಸಿದ ಉತ್ತರದಲ್ಲಿ ಇರುವುದು ಅದೊಂದೇ ಸಂಗತಿ. ಆಂಟಿವೈರಸ್ ಚಾಲ್ತಿಯಲ್ಲಿದೆ, ಎಲ್ಲ ಯಂತ್ರಗಳ ತಪಾಸಣೆ ನಡೆದಿದೆ, ಹಾನಿಕಾರಕವಾದದ್ದೇನೂ ಪತ್ತೆಯಾಗಿಲ್ಲ, ಆದಕಾರಣ ಮಾಹಿತಿ ಸೋರಿಕೆಯ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಉದ್ಭವಿಸದ ಆ ಪ್ರಶ್ನೆ ಹೋದ ಚಳಿಗಾಲವಿಡೀ ನನ್ನ ಅಂಗಡಿಯೆದುರಿನ ಕಾಲುದಾರಿಯಲ್ಲಿ ನಿಂತಿತ್ತು. ಬೂದು ಕೋಟು ತೊಟ್ಟಿತ್ತು. ನನ್ನ ಎದೆಯನ್ನೇ ನೋಡುತ್ತಿತ್ತು.

ನೀವು ನನ್ನನ್ನು ಕಂಡವರಲ್ಲ, ಆದರೆ ನಿಮ್ಮ ಕಚೇರಿ ನನ್ನನ್ನು ಬಲ್ಲದು. ಯಾರ ಅಂಗ ಯಾರ ಮೈಗೆ ಎಂದು ತೀರ್ಮಾನಿಸುವವರು ನೀವು. ನಾನು ಮನೆಯ ಮುಂಗೋಣೆಯಲ್ಲಿ ಕಿಟಕಿ ಪರದೆ ಹೊಲಿದು ಮಾರುವವಳು. ಕೆಲವು ವರ್ಷಗಳ ಹಿಂದೆ ನನ್ನ ಹೃದಯ ಹಿಗ್ಗಿ ಸೋತು, ಮಂಚದಿಂದ ಬಚ್ಚಲಿಗೆ ಹೋಗುವುದೇ ಪರದೇಶ ಪ್ರಯಾಣದಂತಾಗಿದ್ದಾಗ, ನಿಮ್ಮ ಕಚೇರಿಯಿಂದ ಕರೆ ಬಂತು. ಕೊಟ್ಟವರು ಯಾರೆಂದು ನನಗೆ ಎಂದೂ ತಿಳಿಯುವುದಿಲ್ಲ, ಪಡೆದವಳು ಯಾರೆಂದು ಅವರ ಮನೆಯವರಿಗೂ ತಿಳಿಯುವುದಿಲ್ಲ ಎಂದು ನಿಮ್ಮವರು ಮಾತು ಕೊಟ್ಟರು. ಆಗ ಆ ಮಾತಿನ ಬೆಲೆ ನನಗೆ ಗೊತ್ತಾಗಲಿಲ್ಲ. ಬದುಕಿದರೆ ಸಾಕಾಗಿತ್ತು. ಬದುಕಿದೆ. ಬೆಳಗ್ಗೆ ಎದ್ದ ಕೂಡಲೇ ಹೆಸರಿಲ್ಲದ ಆ ಜೀವಕ್ಕೆ ಮನಸ್ಸಿನಲ್ಲೇ ಒಂದು ಮಾತು ಹೇಳಿ ಕೆಲಸಕ್ಕೆ ಕೂರುತ್ತಿದ್ದೆ. ಹೆಸರಿಲ್ಲದವರಿಗೆ ಕೃತಜ್ಞರಾಗಿರುವುದು ಎಷ್ಟು ಸುಲಭ, ಮಾನ್ಯರೇ!

ಅವರು ಮೊದಲು ಗಿರಾಕಿಯಾಗಿ ಬಂದರು. ಎತ್ತರದ, ಒಣಕಲು ಮೈಯ, ತಲೆ ನರೆತ ಮನುಷ್ಯ. ಒಂದು ಕೋಣೆಯ ಕಿಟಕಿಗೆ ಪರದೆ ಬೇಕೆಂದು ಅಳತೆ ಹೇಳಿದರು. ಮರುವಾರ ಬಂದು ಅಳತೆ ತಪ್ಪಾಗಿತ್ತು ಎಂದರು. ಆಮೇಲೆ ಬಣ್ಣ ಬದಲಾಯಿತು, ಆಮೇಲೆ ಒಳಪದರ ಬೇಕಾಯಿತು. ಏನು ಕೆಲಸವೆಂದು ಕೇಳಿದ್ದಕ್ಕೆ, ತಾನು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದವನು, ಈಗ ನೀರಿಗಿಳಿಯುವುದನ್ನು ಬಿಟ್ಟಿದ್ದೇನೆ ಎಂದರು. ಮಾತಾಡುವಾಗ ಅವರ ಕಣ್ಣು ನನ್ನ ಮುಖದ ಮೇಲಿರುತ್ತಿರಲಿಲ್ಲ. ನಾನು ಶಾಲು ಎಳೆದುಕೊಳ್ಳುತ್ತಿದ್ದೆ. ಬಸ್ ಓಡಿಸುವ ನನ್ನ ಗಂಡ, ಇನ್ನೊಂದು ಸಲ ಬರಲಿ, ನಾನೇ ಅಳತೆ ತಗೊಳ್ತೀನಿ ಎಂದು ಹಲ್ಲು ಕಡಿದರು.

ಇನ್ನೊಂದು ಸಲ ಅವರು ಬಂದಾಗ ನಾನು ದಪ್ಪ ಬಟ್ಟೆಯ ಸುರುಳಿಯೊಂದನ್ನು ಕಪಾಟಿನಿಂದ ಇಳಿಸುತ್ತಿದ್ದೆ.

"ಅದನ್ನ ಎತ್ತಬೇಡಿ" ಎಂದರು ಅವರು. "ಅದು ನಿಮ್ಮದಲ್ಲ."

ನಾನು ನಕ್ಕೆ. "ನನ್ನ ಅಂಗಡಿ ಬಟ್ಟೆ ನನ್ನದಲ್ದೆ ಇನ್ಯಾರ್ದು?"

"ನಾನು ಬಟ್ಟೆ ವಿಷಯ ಹೇಳ್ತಿಲ್ಲ."

ಆಮೇಲೆ ಫೋನು ತೆಗೆದು ತೋರಿಸಿದರು. ನಿಮ್ಮ ಕಚೇರಿಯ ಪಟ್ಟಿ. ಒಂದೇ ಸಾಲಿನಲ್ಲಿ ಒಂದು ಹುಡುಗಿಯ ಹೆಸರು, ರಸ್ತೆ ಅಪಘಾತ ಎಂಬ ಎರಡು ಪದ, ಅದರ ಪಕ್ಕ ಹೃದಯ, ಅದರ ಪಕ್ಕ ನನ್ನ ಹೆಸರು, ವಯಸ್ಸು, ಮನೆಯ ವಿಳಾಸ. ಕೆಳಗಿನ ಸಾಲುಗಳಲ್ಲಿ ಅದೇ ಹುಡುಗಿಯ ಮೂತ್ರಪಿಂಡ, ಯಕೃತ್ತು, ಕಣ್ಣು, ಒಂದೊಂದರ ಪಕ್ಕದಲ್ಲೂ ಒಂದೊಂದು ಮನೆ. "ನನ್ನ ಮಗಳು" ಎಂದರು ಅವರು. ನಾನು ಸುರುಳಿಯನ್ನು ನೆಲಕ್ಕಿಳಿಸಿ ಅದರ ಮೇಲೆಯೇ ಕುಳಿತೆ. ಎದೆ ಬಡಿದುಕೊಳ್ಳುತ್ತಿತ್ತು ಎಂದು ಬರೆಯಲು ಹೋದೆ. ಯಾರ ಎದೆ ಎಂದು ಬರೆಯಲಿ?

ಅಂದಿನಿಂದ ಅವರು ದಿನಾ ಬಂದರು. ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ನಾನು ಮೇಲ್ಸೇತುವೆಯ ಮೆಟ್ಟಿಲು ಹತ್ತಿದ್ದನ್ನು ನೋಡಿ, ಯಾಕೆ ಹತ್ತಿದಿರಿ ಎಂದು ಕೇಳುತ್ತಿದ್ದರು. ಗಂಡನ ಜೊತೆ ಜಗಳವಾಡಿದ್ದು ಕಾಲುದಾರಿಗೆ ಕೇಳಿಸಿದ್ದರೆ, ಮರುದಿನ ನನ್ನ ಗಂಡನನ್ನೇ ಕರೆದು, ಅವಳಿಗೆ ಗಲಾಟೆ ಆಗುವುದಿಲ್ಲ ಎಂದು ಬುದ್ಧಿ ಹೇಳುತ್ತಿದ್ದರು. 'ಅವಳು' ಎಂದರೆ ನಾನಲ್ಲ. ತಾನೇ ಅಳತೆ ತೆಗೆದುಕೊಳ್ಳುತ್ತೇನೆಂದು ಹಲ್ಲು ಕಡಿದಿದ್ದ ನನ್ನ ಗಂಡ ಮನೆಯಲ್ಲಿ ಪಿಸುಮಾತಿನಲ್ಲಿ ಮಾತಾಡತೊಡಗಿದರು. ನಾನು ನನ್ನ ಮೈಯಲ್ಲೇ ಬಾಡಿಗೆಗೆ ಇರುವವಳಂತೆ, ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳುವವಳಂತೆ ಆಗಿಬಿಟ್ಟೆ. ಖಾಲಿ ಕೋಣೆಯಲ್ಲಿ ಕೂತರೂ ಯಾರೋ ಜೊತೆಗಿದ್ದಾರೆ ಎನಿಸುತ್ತಿತ್ತು. ನಿಜಕ್ಕೂ ಇದ್ದರು. ಈಗ ಅವಳಿಗೊಂದು ಹೆಸರಿತ್ತು, ಆ ಹೆಸರು ಕರೆಯಲು ನನಗೆ ಬಾಯಿ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವರು ಆ ಬಡಿತವನ್ನು ಒಂದೇ ಒಂದು ಸಲ ಕೇಳಿಸಿಕೊಳ್ಳಲೇ ಎಂದು ಕೇಳಿದರು. ಗಂಡ ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಸಂಕೋಚದ ಮನುಷ್ಯ, ಎದೆಗಲ್ಲ, ನನ್ನ ಬೆನ್ನಿಗೆ ಕಿವಿಯಿಟ್ಟರು. ಹೊಲಿಗೆ ಯಂತ್ರ ನಿಲ್ಲಿಸಿದ್ದೆ, ಬೀದಿ ಕೂಡ ಯಾಕೋ ಸುಮ್ಮನಿತ್ತು. ಅಳುತ್ತಾರೆ ಎಂದುಕೊಂಡಿದ್ದೆ, ಅದಕ್ಕೆ ಮನಸ್ಸು ಗಟ್ಟಿಮಾಡಿಕೊಂಡೂ ಇದ್ದೆ. ಅವರು ಅಳಲಿಲ್ಲ. ತಲೆಯೆತ್ತಿದಾಗ ಅವರ ಮುಖ ಬಿಳಿಚಿತ್ತು.

"ಇದು ಅವಳದಲ್ಲ" ಎಂದರು. "ಅವಳದ್ದು ನಿಧಾನ. ನೀರಲ್ಲಿ ಪಳಗಿದ ಹೃದಯ ಅದು, ನಾನೇ ಪಳಗಿಸಿದ್ದು. ಹೀಗೆ ಹೆದರಿಕೊಂಡು ಓಡ್ತಿರಲಿಲ್ಲ." ಬಾಗಿಲ ಹತ್ತಿರ ಹೋಗಿ ತಿರುಗಿದರು. "ಏನು ಮಾಡಿದ್ರಿ ಅವಳಿಗೆ?"

ಮತ್ತೆ ಬರಲಿಲ್ಲ. ಹೊಲಿದಿಟ್ಟ ಪರದೆ ಒಯ್ಯಲೂ ಬರಲಿಲ್ಲ. ಬದಲಿಗೆ ಅವರ ಹೆಂಡತಿ ಬಂದರು, ಅವರನ್ನು ಹುಡುಕಿಕೊಂಡು. ದಾನದ ಕಾಗದಕ್ಕೆ ಸಹಿ ಹಾಕಿದ್ದು ಆ ತಾಯಿ. ಗಂಡ ಆಗ ಬೇಡವೆಂದಿದ್ದರಂತೆ, ಆಮೇಲೆ ಹೇಗೋ ಒಪ್ಪಿಕೊಂಡು ಸುಮ್ಮನಾಗಿದ್ದರಂತೆ, ಈಜುಕೊಳಕ್ಕೂ ಮತ್ತೆ ಹೋಗುವ ಮಾತಾಡುತ್ತಿದ್ದರಂತೆ. ಅಷ್ಟರಲ್ಲಿ ಈ ಪಟ್ಟಿ ಬಂತು. ಈಗ ಅವರು ಪಟ್ಟಿಯ ಉಳಿದ ಮನೆಗಳ ಮುಂದೆ ನಿಲ್ಲುತ್ತಾರೆ. ಕಣ್ಣು ಪಡೆದ ಶಾಲಾ ಬಾಲಕಿಯ ಮನೆಯವರು ಹೆದರಿ ಬೀದಿಯನ್ನೇ ಬಿಟ್ಟುಹೋಗಿದ್ದಾರೆ. ಆ ತಾಯಿ ನನ್ನ ಕಡೆ ನೋಡಲಿಲ್ಲ, ನಾನು ಕೊಟ್ಟ ನೀರಿನ ಲೋಟವನ್ನು ನೋಡುತ್ತ ಹೇಳಿದರು: "ಅವಳನ್ನ ಕಳಿಸಿಕೊಡೋಕೆ ಅಂತ ಸಹಿ ಹಾಕಿದ್ದೆ. ಈ ಪಟ್ಟಿ ಅವಳನ್ನ ಚೂರುಚೂರಾಗಿ ವಾಪಸ್ ತಂದು ನಮ್ಮನೇಲಿ ಇಟ್ಟುಬಿಡ್ತು."

ಈಗ ನಿಮ್ಮ ಆಂಟಿವೈರಸ್ಸಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಉತ್ತರ ಹಿಡಿದು ನಿಮ್ಮ ಕಚೇರಿಗೇ ಹೋಗಿದ್ದೆ. ನೀವು ಸಭೆಯಲ್ಲಿದ್ದಿರಿ. ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಕೂರಿಸಿಕೊಂಡು ಮಾತಾಡಿದರು. ನಿಮ್ಮ ಗುಮಾಸ್ತರೊಬ್ಬರು ದಾನಿಗಳ ಕುಟುಂಬಗಳಿಗೆ ಕೃತಜ್ಞತಾ ಸಭೆ ಏರ್ಪಡಿಸುವ ಹುರುಪಿನಲ್ಲಿ, ಮನೆಯಲ್ಲಿ ಕೂತು ಆಮಂತ್ರಣ ಬರೆಯೋಣವೆಂದು ಇಡೀ ಪಟ್ಟಿಯನ್ನು ತಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಂಡರಂತೆ. ಅಲ್ಲಿಂದ ಅದು ಸಭೆಯ ವಾಟ್ಸಾಪ್ ಗುಂಪಿಗೆ ಹೋಯಿತು. ಗುಂಪಿನಲ್ಲಿ ಆ ತಂದೆಯೂ ಇದ್ದರು. ಹ್ಯಾಕರ್ ಇಲ್ಲ, ವೈರಿ ಇಲ್ಲ. ಒಳ್ಳೆಯ ಮನಸ್ಸು, ಒಂದು ಮೇಲ್, ಅಷ್ಟೆ.

ಹಾಗಾದರೆ ಆಂಟಿವೈರಸ್ ಯಾಕೆ ತಡೆಯಲಿಲ್ಲ ಎಂದು ಕೇಳಿದೆ. ಅದು ತಡೆಯುವುದು ಒಳಗೆ ನುಗ್ಗುವ ಕೇಡನ್ನು ಎಂದರು ಅವರು. ಗೊತ್ತಿರುವ ಕಳ್ಳರ ಗುರುತು ಇಟ್ಟುಕೊಂಡು, ಹೊಸಬರ ನಡತೆ ಗಮನಿಸಿ, ಅನುಮಾನ ಬಂದರೆ ಹಿಡಿದು ಕೂಡಿಹಾಕುತ್ತದೆ. ಆದರೆ ಒಳಗಿನ ನೌಕರ ಒಳ್ಳೆಯ ಕಡತವೊಂದನ್ನು ಹೊರಗೆ ಒಯ್ದರೆ ಅದು ಕತ್ತೆತ್ತಿಯೂ ನೋಡುವುದಿಲ್ಲ, ಏಕೆಂದರೆ ಪಟ್ಟಿ ವೈರಸ್ ಅಲ್ಲ. ಅದಕ್ಕೆ ಡೇಟಾ ಲಾಸ್ ಪ್ರಿವೆನ್ಷನ್ ಎಂಬ ಬೇರೆಯದೇ ತಂತ್ರಾಂಶವಿದೆಯಂತೆ. ಯಾವುದು ಗುಟ್ಟು ಎಂದು ಮೊದಲೇ ಕಲಿಸಿಟ್ಟರೆ, ಆ ಗುಟ್ಟು ಮೇಲ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಹೊರಟಾಗ ಅದು ಅಡ್ಡ ನಿಲ್ಲುತ್ತದೆ. ಒಂದಿದ್ದರೆ ಇನ್ನೊಂದು ಬೇಡ ಎಂಬಂತಿಲ್ಲ. ಎರಡೂ ಇದ್ದರೂ, ಕಂಪ್ಯೂಟರ್ ಪರದೆಯ ಫೋಟೋ ತೆಗೆದುಕೊಂಡು ಹೋಗುವವನನ್ನು ತಡೆಯುವುದು ಕಷ್ಟ. ಇದನ್ನೂ ಅವರು ಮುಚ್ಚಿಡಲಿಲ್ಲ. ಆದರೆ ನಿಮ್ಮ ಗುಮಾಸ್ತರ ಕೈಯನ್ನು ಆ ಎರಡನೆಯದು ಹಿಡಿಯುತ್ತಿತ್ತು. ಇದನ್ನು ಮಾಡಬೇಡಪ್ಪ ಎಂದು ಒಂದು ಮಾತು ಹೇಳುತ್ತಿತ್ತು.

"ನಾವು ಕೇಳಿದ್ವಿ" ಎಂದರು ಅವರು ದನಿ ತಗ್ಗಿಸಿ. "'ಒಂದು ಇದೆಯಲ್ಲ, ಇನ್ನೊಂದ್ಯಾಕೆ' ಅಂದ್ರು."

ಯಾರು ಅಂದರು ಎಂದು ನಾನು ಕೇಳಲಿಲ್ಲ. ದಯವಿಟ್ಟು ಆ ಹೆಣ್ಣುಮಗಳ ಮೇಲೆ ವಿಚಾರಣೆ ಹೂಡಬೇಡಿ. ನಿಜ ಹೇಳುವವರನ್ನು ಕಳೆದುಕೊಂಡರೆ ಅದೂ ಒಂದು ಸೋರಿಕೆಯೇ.

ಒಂದು ಇದೆಯಲ್ಲ, ಇನ್ನೊಂದ್ಯಾಕೆ! ಮಾನ್ಯರೇ, ನಾನು ದಿನಾ ನುಂಗುವ ಮಾತ್ರೆಗಳಲ್ಲಿ ಹೊರಗಿನ ಸೋಂಕನ್ನು ತಡೆಯುವುದು ಒಂದು, ನನ್ನದೇ ಮೈ ಈ ಹೃದಯವನ್ನು ಹೊರದಬ್ಬದಂತೆ ತಡೆಯುವುದು ಇನ್ನೊಂದು. ನನ್ನ ವೈದ್ಯರೂ ನಿಮ್ಮಂತೆ ಒಂದೇ ಸಾಕೆಂದಿದ್ದರೆ ಈ ಪತ್ರ ಬರೆಯುವ ತೊಂದರೆ ನನಗೂ, ಓದುವ ತೊಂದರೆ ನಿಮಗೂ ತಪ್ಪುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯಿದೆ. ನೀವು ಕೊಳ್ಳೆ ಹೋದ ಮೇಲೂ ಬೇರೆ ಯಾವುದೋ ಬಾಗಿಲನ್ನು ತೋರಿಸಿ, ನೋಡಿ, ಬೀಗ ಎಷ್ಟು ಭದ್ರ ಎನ್ನುತ್ತಿದ್ದೀರಿ. ಗುಮಾಸ್ತರನ್ನು ಅಮಾನತು ಮಾಡಿದಿರಂತೆ. ಅವರು ಹೋದರು, ಬಾಗಿಲು ಹಾಗೇ ಇದೆ.

ಪಟ್ಟಿಯಲ್ಲಿ ಇನ್ನೂ ಎಷ್ಟೋ ಹೆಸರುಗಳಿವೆ. ತಮ್ಮ ವಿಳಾಸ ಯಾರ ಫೋನಿನಲ್ಲಿದೆ ಎಂದು ತಿಳಿಯದೆ ಅವರು ಈ ಹೊತ್ತು ಸೊಪ್ಪು ಕೊಳ್ಳುತ್ತಿರಬಹುದು, ಮಕ್ಕಳ ತಲೆ ಬಾಚುತ್ತಿರಬಹುದು. ಅವರ ಮನೆಗಳಿಗೆ ನಿಮ್ಮವರು ಹೋಗಿ, ಎದುರು ನಿಂತು, ಆದದ್ದನ್ನು ಹೇಳಬೇಕು. ಹೊರಹೋಗುವ ದಾರಿಗೆ ಆ ಇನ್ನೊಂದು ಕಾವಲನ್ನು ಹಾಕಿಸಬೇಕು, ಹಾಕಿಸಿದ್ದೇವೆಂದು ಸಾರ್ವಜನಿಕವಾಗಿ ತಿಳಿಸಬೇಕು. ಇವೆರಡನ್ನು ಯಾರು ಬೇಕಾದರೂ ಕೇಳುತ್ತಾರೆ.

ಮೂರನೆಯದನ್ನು ನಾನೊಬ್ಬಳೇ ಕೇಳಬಲ್ಲೆ. ಆ ತಂದೆ ಹೋದ ಮೇಲೆ ನನ್ನ ವೈದ್ಯರನ್ನು ವಿಚಾರಿಸಿದೆ. ಒಂದು ಎದೆಯಿಂದ ಇನ್ನೊಂದಕ್ಕೆ ಇಡುವಾಗ ಹೃದಯದ ನರಗಳನ್ನು ಕತ್ತರಿಸಲೇಬೇಕು, ನಿಧಾನ ಎಂದು ಹೇಳುವ ನರವೂ ಅದರಲ್ಲಿ ಹೋಗುತ್ತದೆ, ಆದ್ದರಿಂದ ಎಲ್ಲರಲ್ಲೂ ಅದು ಸ್ವಲ್ಪ ಜೋರಾಗಿಯೇ ಬಡಿಯುತ್ತದೆ, ಅದು ಹೆದರಿಕೆಯಲ್ಲ ಎಂದರು. ಇದನ್ನು ನಾನು ಹೋಗಿ ಹೇಳಿದರೆ ಆ ತಂದೆ ನಂಬುವುದಿಲ್ಲ. ಅವರ ಪಾಲಿಗೆ ನಾನು ಕದ್ದವಳು. ನಿಮ್ಮ ಕೈಕೆಳಗೆ ಅಷ್ಟು ಜನ ವೈದ್ಯರಿದ್ದಾರೆ. ಒಬ್ಬರನ್ನು, ಬಿಳಿ ಕೋಟು ಬಿಟ್ಟು, ಅವರ ಮನೆಗೆ ಕಳಿಸಿ. ಅವರ ಮಗಳು ಹೆದರಿಕೊಂಡಿಲ್ಲ ಎಂದು ಹೇಳಿಸಿ.

ಇಂತಿ,
ಹೆಸರು, ವಯಸ್ಸು, ವಿಳಾಸಗಳು ಈಗಾಗಲೇ ಎಲ್ಲರ ಬಳಿ ಇರುವುದರಿಂದ ಅವನ್ನು ಮತ್ತೆ ಬರೆಯುವ ಅಗತ್ಯ ಕಾಣದ
ಪರದೆ ಹೊಲಿಯುವವಳು