ಗೋಡೆಯಾಚೆಯ ಗಾಳಿ, ಹುಸೇನಸಾಬನ ಮೂಗು

ಗೆಳೆಯ ಹುಸೇನಸಾಬ,

ಕಾಗದ ಬರೆಯುವುದು ನನ್ನ ಕೆಲಸವಲ್ಲ. ಮೂರನೇ ಕ್ಲಾಸಿನಲ್ಲಿ ಮಾಸ್ತರನ ಬೆತ್ತ ಕಿತ್ತುಕೊಂಡು ಮುರಿದು ಮನೆಗೆ ಬಂದವನು ನಾನು. ಆಮೇಲೆ ಈ ಕೈ ಸುತ್ತಿಗೆ ಹಿಡಿಯಿತೇ ಹೊರತು ಲೇಖನಿ ಹಿಡಿಯಲಿಲ್ಲ. ಈಗ ನಿನ್ನ ಹೆಂಡತಿ ಫಾತಿಮಾ ಬಂದು ನನ್ನ ಕುಲುಮೆಯ ಮುಂದೆ ಕೂತುಬಿಟ್ಟಿದ್ದಾಳೆ. "ನೀವ ಬರೀರಿ ಅಣ್ಣಾ. ಅವರು ನಿಮ್ಮ ಬೈಗುಳಕ್ಕಷ್ಟ ಕಿವಿ ಕೊಡತಿದ್ರು" ಅನ್ನುತ್ತಾಳೆ. ಸತ್ತವನಿಗೆ ಬೈದರೆ ಕೇಳಿಸುತ್ತದೆಯೇ? ಗೋರಿಯ ಮುಂದೆ ಇದನ್ನು ಓದಿಸುವ ಜವಾಬ್ದಾರಿ ಅವಳದು. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಲಿಂಗಸೂಗೂರಿನ ತಗಡಿನ ಶೆಡ್ಡಿನಲ್ಲಿ ನೀನು ಬ್ರಷ್ ಬಿಟ್ಟು ಮೊದಲ ಸಲ ಬಣ್ಣ ಊದುವ ಗನ್ನು ಹಿಡಿದ ದಿನ ನೆನಪಿದೆಯೇ? ಬಾಗಿಲಲ್ಲಿ ನಾನು ನಿಂತಿದ್ದೆ. ಒಳಗೆ ಕೆಂಪು ಮಂಜು. ಅದರೊಳಗಿಂದ ನೀನು ಹೊರಗೆ ಬಂದಾಗ ಹುಬ್ಬು ಕೆಂಪು, ಮೂಗಿನ ಹೊಳ್ಳೆ ಕೆಂಪು. ಮೂಗಿಗೆ ಅರಿವೆ ಕಟ್ಟಿಕೊಳ್ಳೋ ಹುಚ್ಚಾ ಅಂದೆ. "ಮೂಗು ಮುಚ್ಚಿದ ಪೇಂಟರ್ ಕುರುಡ ಇದ್ದಂಗಲೇ ಕಾಳಪ್ಪ. ಬಣ್ಣ ತೆಳು ಮಾಡಾಕ ತಿನ್ನರ್ ಎಷ್ಟು ಬೀಳಬೇಕು ಅನ್ನೋದು ಈ ಮೂಗು ಹೇಳತೈತಿ" ಅಂದು ಕೆಮ್ಮಿ ನಕ್ಕೆ. ಮೊದಲು ನಗು ಹೋಯಿತು, ಕೆಮ್ಮು ಉಳಿಯಿತು. ಆಮೇಲೆ ನೀನೂ...

ಈಗ ನಿನ್ನ ಮಗ ಮೌಲಾ ಅದೇ ಗನ್ನು ಹಿಡಿದಿದ್ದಾನೆ. ಸಿಂಧನೂರಿನ ಗ್ಯಾರೇಜಿನಲ್ಲಿ ಕಾಲುವೆ ಕೆಲಸದ ಲಾರಿಗಳು, ಬಸ್ಸುಗಳು ಬಣ್ಣಕ್ಕೆ ಸಾಲುಗಟ್ಟಿ ನಿಲ್ಲುತ್ತವೆ. ಸುದ್ದಿ ಮುಟ್ಟಿದ್ದೇ ತಡ, ಫಾತಿಮಾ ಬಸ್ ಹತ್ತಿ ಹೋಗಿ ಪೇಂಟ್ ಶೆಡ್ಡಿನ ಹೊಸ್ತಿಲ ಮೇಲೆ ಕೂತಳು. "ಇವಗ ಬ್ಯಾರೆ ಗಾಳಿ ತರಿಸಿಕೊಡ್ರಿ. ಅಲ್ಲೀತನ ನನ್ನ ದಾಟಿ ಒಳಗ ಹೋಗಂಗಿಲ್ಲ" ಅಂದಳಂತೆ. ಮಾಲಕ ಗಾಬರಿಬಿದ್ದು ರಾಯಚೂರಿನಿಂದ ಮೂಗು ಕಾಯುವ ಮೂರು ನಮೂನೆಯ ಸಾಮಾನು ತರಿಸಿದ. ಯಾವುದನ್ನು ಇಟ್ಟುಕೊಳ್ಳಬೇಕೆಂದು ಯಾರಿಗೂ ತಿಳಿಯದೆ ಮಸ್ಕಿಯಿಂದ ನನ್ನನ್ನು ಕರೆಸಿದರು. ತಿದಿ ಒತ್ತಿ ಮುದುಕನಾದವನಿಗೆ ಗಾಳಿಯ ವಿಷಯ ಗೊತ್ತಿರಬೇಕು ಎಂದು ಅವರ ಅಂದಾಜು.

ಹೊರಸಿನ ಮೇಲೆ ಮೂರನ್ನೂ ಹರವಿದ್ದರು. ಒಂದು, ಮೂಗಿಗೆ ಕಟ್ಟುವ, ಇದ್ದಿಲು ತುಂಬಿದ ಬಟ್ಟಲು. ಕಟ್ಟಿಕೊಂಡು ಶೆಡ್ಡಿನಲ್ಲಿ ನಿಂತೆ. ಮೊದಲು ಏನೂ ಇಲ್ಲ, ಸ್ವಲ್ಪ ಹೊತ್ತಿಗೆ ತಿನ್ನರಿನ ವಾಸನೆ ಮೆಲ್ಲಗೆ ಒಳಗೆ ಬಂತು. ಇನ್ನೊಂದು ಪೈಪಿನ ಮುಖವಾಡ, ಅದಕ್ಕೆ ಗಾಳಿ ಬರುವುದು ಗನ್ನಿಗೆ ಗಾಳಿ ಕೊಡುವ ಅದೇ ಯಂತ್ರದಿಂದ. ಹಾಕಿಕೊಂಡರೆ ಸುಟ್ಟ ಎಣ್ಣೆಯ ನಾತ! "ಇದು ಗಾಳಿ ಅಲ್ಲಲೇ, ಇಂಜಿನ್ನಿನ ತೇಗು" ಎಂದು ಕಿತ್ತು ಒಗೆದೆ. ಮಾಲಕನ ಮುಖ ಸಣ್ಣದಾಯಿತು. ಆಗಲಿ.

ಮೂರನೆಯದನ್ನು ಬಿಚ್ಚಿ ತಿರುಗಿಸಿ ತಿರುಗಿಸಿ ನೋಡಿದೆ, ಹುಸೇನಾ. ತಲೆಯಿಂದ ಕುತ್ತಿಗೆಯವರೆಗೆ ಮುಚ್ಚುವ ಮುಸುಕು, ಕಣ್ಣಿನ ಮುಂದೆ ಕಿಟಕಿ, ಹಿಂದೆ ಉದ್ದನೆಯ ರಬ್ಬರ್ ಪೈಪು. ಪೈಪಿನ ಆ ತುದಿಗೆ ಕೈಯಲ್ಲಿ ತಿರುಗಿಸುವ ಪಂಖದ ಪೆಟ್ಟಿಗೆ. ಅದನ್ನು ಗೋಡೆಯಾಚೆ ಇಟ್ಟು ಒಬ್ಬರು ತಿರುವುತ್ತಿರಬೇಕು. ನನ್ನ ಕುಲುಮೆಗೆ ಗಾಳಿ ಹೋಗುವುದೂ ಹಾಗೆಯೇ ಅಲ್ಲವೇ? ಇಷ್ಟು ವರ್ಷ ಬೆಂಕಿಗೆ ಉಸಿರು ಕೊಟ್ಟೆ. ಮನುಷ್ಯನಿಗೂ ಹೀಗೆ ಕೊಡಬಹುದೆಂದು ಯಾರಿಗೆ ಹೊಳೆಯಿತೋ, ಅವನ ಹೊಟ್ಟೆ ತಂಪಾಗಿರಲಿ.

ನಾನೇ ಹಾಕಿಕೊಂಡೆ. ಹೊರಗೆ ಫಾತಿಮಾ ಹಿಡಿಕೆಗೆ ಕೈ ಹಾಕಿದಳು. ಮೌಲಾ ಹಳೆಯ ಬಾಗಿಲೊಂದಕ್ಕೆ ಬಣ್ಣ ಊದಿ ಹೊರಗೆ ಹೋದ. ನನ್ನ ಕೈ ನನಗೇ ಕಾಣದಷ್ಟು ಕೆಂಪು ಮಂಜು. ಅದರ ನಡುವೆ ಹಣೆಯ ಮೇಲೆ ತಣ್ಣಗೆ ಗಾಳಿ ಇಳಿಯಿತು, ಗಡ್ಡದೊಳಗೆ ಹಾದು ಕುತ್ತಿಗೆಯಿಂದ ಹೊರಗೆ ಹೋಯಿತು. ಬಣ್ಣದ ಸುಳಿವೇ ಇಲ್ಲ. ಕಣ್ಣು ಒಂದು ಲೋಕದಲ್ಲಿ, ಉಸಿರು ಇನ್ನೊಂದರಲ್ಲಿ. ಬಯಲಲ್ಲಿ ನಿಂತ ಹಾಗೆ... ಹೇಗೆ ಹೇಳಲಿ ನಿನಗೆ? ನೀನು ಇರಬೇಕಿತ್ತು.

ಅಷ್ಟರಲ್ಲಿ ಮೂಗಿಗೆ ಘಾಟು ಹೊಡೆಯಿತು. ಮುಸುಕಿನೊಳಗೇ ಸೀನು, ಸೀನಿನ ಮೇಲೆ ಸೀನು. ಹೊರಗೆ ಓಡಿ ಬಂದು ಮುಸುಕು ಕಿತ್ತರೆ, ಪೆಟ್ಟಿಗೆಯ ಮಗ್ಗುಲಲ್ಲೇ ಪಕ್ಕದ ಮನೆಯಾಕೆ ಒಲೆ ಹೂಡಿ ಮೆಣಸಿನಕಾಯಿ ಹುರಿಯುತ್ತಿದ್ದಾಳೆ! "ಏ ಯವ್ವಾ, ನನ್ನ ಕೊಲ್ಲಾಕ ನಿಂತೀಯೇನು?" ಅಂದೆ. "ನನ್ನ ಒಲೀ ಮುಂದ ಮೂಗು ತಂದಿಟ್ಟವ ನೀ, ನನಗ ಅಂತೀ?" ಅಂದಳು. ಎಲ್ಲರೂ ನಕ್ಕರು. ಪೆಟ್ಟಿಗೆಯನ್ನು ಆಚೆ ಬೇವಿನ ಮರದ ಕೆಳಗೆ, ಗಾಳಿ ಬರುವ ದಿಕ್ಕಿಗೆ ಒಯ್ದಿಟ್ಟೆವು. ಇದೇ ಇರಲಿ, ಉಳಿದೆರಡನ್ನು ವಾಪಸ್ ಕಳಿಸು ಎಂದು ಮಾಲಕನಿಗೆ ಹೇಳಿದೆ.

ಮೌಲಾ ಮಾತ್ರ ಮುಖ ಗಂಟಿಕ್ಕಿದ. "ಕಾಕಾ, ಇದರಾಗ ಓಣ್ಯಾಗಿನ ವಾಸನಿ ಬರತೈತಿ, ಬಣ್ಣದ್ದು ಬರಂಗಿಲ್ಲ. ನಮ್ಮ ಅಬ್ಬಾ ಮೂಗಿಂದ ಬಣ್ಣ ಹದ ಮಾಡತಿದ್ರು. ನಡುನಡುವ ಮುಸುಕು ಒಂದೀಟು ಎತ್ತಿ ಮೂಸಿ ನೋಡತೀನಿ, ಅಷ್ಟ." ನಿನ್ನ ಮಾತನ್ನೇ ನಿನ್ನ ಮಗ ಆಡಿದ. ನನ್ನ ಕೈ ಮೇಲೆದ್ದಿತ್ತು, ಕಪಾಳಕ್ಕೆ ಬಿಡಬೇಕು...

ಫಾತಿಮಾ ಹಿಡಿಕೆ ಬಿಡದೆ, ತಲೆಯನ್ನೂ ಎತ್ತದೆ ಅಂದಳು: "ನಿಮ್ಮ ಅಬ್ಬಾಗ ಸೀನು ಬರತಿರಲಿಲ್ಲ."

"ಅಂದ್ರ?"

"ಕಡೀ ವರ್ಷ ಅವರ ಮುಂದ ಕುಂತು ಮೆಣಸಿನಕಾಯಿ ಹುರದೀನಿ. ನಾ ಸೀನತಿದ್ದೆ, ಅವರು ಸುಮ್ಮನ ಕುಂದರತಿದ್ರು. ಹಾಲು ಸೀದ್ರೂ ತಿಳೀತಿರಲಿಲ್ಲ. ಮೂಗು ಸತ್ತಿತ್ತೋ ಮೌಲಾ. ಮಂದಿಗೆ ಹೇಳಬ್ಯಾಡ ಅಂದಿದ್ರು."

ಎತ್ತಿದ ಕೈ ಇಳಿಸಿ ಲೆಕ್ಕ ಹಾಕಿದೆ. ಕಡೆಯ ವರ್ಷ ಅಂದರೆ ಮಸ್ಕಿಗೆ ಬರುವ ಆ ಬಸ್ಸಿಗೆ ನೀನು ಬಣ್ಣ ಹೊಡೆದ ವರ್ಷವಲ್ಲವೇ? ಅದರ ಮಗ್ಗುಲಲ್ಲಿ ಮುಖ ನೋಡಿಕೊಂಡು ನಾನು ಮೀಸೆ ತಿರುವಿದ್ದೆ, ನೀನು ಚೇಷ್ಟೆ ಮಾಡಿದ್ದೆ. ಒಂದು ಗುಳ್ಳೆ ಇರಲಿಲ್ಲ, ಬಣ್ಣ ಸೋರಿದ ಒಂದು ಗೆರೆ ಇರಲಿಲ್ಲ. ಈಗಲೂ ಅದು ಊರೊಳಗೆ ಬಂದರೆ ಜನ ತಿರುಗಿ ನೋಡುತ್ತಾರೆ. ಅದನ್ನು ನೀನು ಮೂಗಿಲ್ಲದೆ ಮಾಡಿದೆಯಾ?

ಮೌಲಾ ಮುಸುಕನ್ನು ತಾನೇ ತೆಗೆದುಕೊಂಡು ಗದ್ದದ ಕೆಳಗೆ ಪಟ್ಟಿ ಬಿಗಿದ. ಅಂದಿನಿಂದ ಕೆಲಸ ಮುಗಿಯುವವರೆಗೆ ಎತ್ತುವುದಿಲ್ಲ. ಹಿಡಿಕೆಯನ್ನು ಫಾತಿಮಾ ಬೇರೆಯವರಿಗೆ ಕೊಡುವುದಿಲ್ಲ. ಮಾಲಕ ಆಳು ಕೊಡುತ್ತೇನೆಂದರೆ "ನಿಮ್ಮ ಆಳು ನಡುವ ಬೀಡಿ ಸೇದಾಕ ಹೋಕ್ಕಾನ" ಅನ್ನುತ್ತಾಳೆ. ಅವಳು ತಿರುವುತ್ತಾಳೆ, ಗೋಡೆಯಾಚೆ ಅವನು ಉಸಿರಾಡುತ್ತಾನೆ. ನೋಡುತ್ತ ನಿಂತರೆ ನನ್ನಂಥವನ ಸಿಟ್ಟೂ ಇಳಿಯುತ್ತದೆ.

ಆದರೆ ಮೌಲಾನ ಬಣ್ಣ ಇನ್ನೂ ಹದಕ್ಕೆ ಬಂದಿಲ್ಲ. ಒಮ್ಮೆ ನೀರು, ಒಮ್ಮೆ ಅಂಬಲಿ. "ಮತ್ತ ಅಬ್ಬಾಗ ಹೆಂಗ ತಿಳೀತಿತ್ತು ಕಾಕಾ?" ಎಂದು ಕೇಳುತ್ತಾನೆ. ನಾನೇನು ಹೇಳಲಿ? ಕಾದ ಕಬ್ಬಿಣವಾದರೆ ಹೇಳುತ್ತಿದ್ದೆ. ಕಡ್ಡಿಯಿಂದ ಬಣ್ಣ ಇಳಿಯುವುದನ್ನು ಕಣ್ಣಿಂದ ನೋಡುತ್ತಿದ್ದೆಯಾ? ಗನ್ನಿನ ಸದ್ದು ಕೇಳುತ್ತಿದ್ದೆಯಾ? ಬೆರಳಿಗೆ ತಿಳಿಯುತ್ತಿತ್ತಾ? ಉತ್ತರ ಸಿಗದೆ ಅವನು ಬೇಸತ್ತು ಮತ್ತೆ ಮುಸುಕು ಎತ್ತಿದರೆ ನಾನು ಸುಮ್ಮನಿರುವುದಿಲ್ಲ, ನಿನ್ನನ್ನೂ ಬಿಡುವುದಿಲ್ಲ.

ಮೌಲಾ ಬಣ್ಣ ಹೊಡೆಯಬೇಕಾದ ಮುಂದಿನ ಬಸ್ಸು ಮಣ್ಣೆತ್ತಿನ ಅಮಾವಾಸ್ಯೆಗೆ ಶೆಡ್ಡಿನಿಂದ ಹೊರಡಬೇಕು. ಅವನ ಕನಸಿಗೆ ಬರುತ್ತೀಯೋ ನನ್ನ ಕನಸಿಗೆ ಬರುತ್ತೀಯೋ, ನಿನಗೆ ಬಿಟ್ಟದ್ದು. ಅಮಾವಾಸ್ಯೆಯೊಳಗೆ ಉತ್ತರ ಬರಬೇಕು.

ಕಾಳಪ್ಪ
ಮಸ್ಕಿ