ನನ್ನ ಕೆಲಸಕ್ಕಾಗಿ ಆ ವಿಡಿಯೊ ಬಿಡಬೇಡಿ

ನೀರಾಟದ ಪಾರ್ಕಿನ ಭದ್ರತಾ ಮುಖ್ಯಸ್ಥರೇ,

ಕದ್ದು ವಿಡಿಯೊ ಮಾಡಿದವನು ಟಿಕೆಟ್ ತೆಗೆದುಕೊಂಡಿದ್ದರೆ ಅತಿಥಿ, ತಡೆದವನು ಸಂಬಳದವನಾದರೆ ಗೂಂಡಾ. ನಿಮ್ಮ ಈ ಕಾನೂನಿನಂತೆ ಗಾರ್ಡ್ ಕೆಲಸದಿಂದ ನನ್ನನ್ನು ಹೊರಗೆ ನಿಲ್ಲಿಸಿದ್ದೀರಿ. ಟೈಪ್ ಮಾಡುವ ತಾಳ್ಮೆ ಇಲ್ಲ, ಫೋನಿಗೆ ಮಾತಾಡಿ ಬರೆಸಿದ್ದೇನೆ. ಎಲ್ಲರೂ ಓದಲಿ.

"ಅನುಮತಿ ಇಲ್ಲದೆ ಚಿತ್ರೀಕರಣ ನಿಷೇಧ" ಅಂತ ಕೊಳದ ಪಕ್ಕ ದೊಡ್ಡ ಬೋರ್ಡು ಹಾಕಿಸಿದ್ದೀರಿ. ಮಾಡುವವನನ್ನು ಗಾರ್ಡು ಏನು ಮಾಡಬೇಕು ಅಂತ ಮಾತ್ರ ಎಲ್ಲೂ ಬರೆದಿಲ್ಲ. ಫೋನ್ ಕಿತ್ತುಕೊಂಡರೆ ಹಲ್ಲೆ, ಸುಮ್ಮನಿದ್ದರೆ ಬೇಜವಾಬ್ದಾರಿ. ನೀವು ಕೊಟ್ಟಿದ್ದು ಒಂದು ಸೀಟಿ. ಸೀಟಿ ಊದಿದರೆ ಕ್ಯಾಮೆರಾ ಕಣ್ಣು ಮುಚ್ಚುತ್ತದೆಯೇ?

ಭಾನುವಾರ ಒಬ್ಬ ಹೆಣ್ಣುಮಗಳು ಒದ್ದೆ ಬಟ್ಟೆಯಲ್ಲೇ ನನ್ನ ಹತ್ತಿರ ಓಡಿಬಂದರು. "ಏ ತಮ್ಮಾ, ಅಲ್ಲಿ ಕರೇ ಕನ್ನಡಕದಾವ ನನ್ನ ವಿಡಿಯೊ ಮಾಡಾಕತ್ಯಾನ ನೋಡು!" ನಮ್ಮ ಕಡೆಯ ಮಾತು. "ಯಾವೂರಕ್ಕಾ?" ಅಂದುಬಿಟ್ಟೆ.

"ಕೊಟ್ಟೂರು ಕಡಿ. ಊರು ಆಮ್ಯಾಲ ಕೇಳೀಯಂತ, ಮೊದ್ಲ ಅವನ್ನ ನೋಡಪಾ!"

ಅವನ ಹತ್ತಿರ ಹೋಗಿ, "ಸಾರ್, ಬಂದ್ ಮಾಡ್ರಿ" ಅಂದೆ. "ದುಡ್ಡು ಕೊಟ್ಟು ಬಂದಿದ್ದೀನಿ, ನೀನ್ಯಾವನೋ ಕೇಳೋಕೆ?" ಅಂದ. ಫೋನಿನ ಕ್ಯಾಮೆರಾ ಇನ್ನೂ ಆ ಅಕ್ಕನ ಕಡೆಗೇ ಇತ್ತು. ನಮ್ಮ ಮೈಲಾರದ ಹೊಳೆಯಲ್ಲಿ ಮಿಂದ ಹೆಂಗಸರು ಸೀರೆ ಬದಲಿಸುವಾಗ, ಯಾರಾದರೂ ಅವರಿಗೆ ಬೆನ್ನು ಹಾಕಿ ನಿಂತು ಕಂಬಳಿ ಅಗಲಿಸಿ ಹಿಡಿಯುತ್ತಾರೆ. ನಾನೂ ಬಾಡಿಗೆ ಟವೆಲ್ ಬಿಡಿಸಿ ಹಾಗೇ ನಡುವೆ ನಿಂತೆ. ಅವನನ್ನು ಮುಟ್ಟಲಿಲ್ಲ. ಅವನು ಕೊನೆಯ ತುಂಡೊಂದನ್ನೇ ಕತ್ತರಿಸಿ ನೆಟ್‌ನಲ್ಲಿ ಹಾಕಿದ: ಟವೆಲ್ ಹಿಡಿದು ಅವನ ಮುಖಕ್ಕೇ ನುಗ್ಗಿದಂತೆ ಕಾಣುವ ನಾನು. ಊರಿಂದ ಗೆಳೆಯ ಕನಕರಾಜ ಫೋನ್ ಮಾಡಿ, "ಲೇ, ಕುಸ್ತಿ ಹಿಡಿಯಾಕೂ ಪಗಾರ ಕೊಡ್ತಾರೇನಲೇ ಅಲ್ಲಿ?" ಅಂತ ನಕ್ಕ.

ನೀವು ಕರೆಸಿ, "ನಿನ್ನದು ತಪ್ಪಿಲ್ಲ ಅಂದರೆ ನಮ್ಮ ಸಿಸಿಟಿವಿ ವಿಡಿಯೊ ಹೊರಗೆ ಬಿಡೋಣ, ಕೆಲಸ ಉಳಿಯುತ್ತೆ" ಅಂದಿರಿ. ಎಂಥ ನ್ಯಾಯ! ಅದರಲ್ಲಿ ಆ ಹೆಣ್ಣುಮಗಳಿದ್ದಾರೆ, ಮುಖ ಸಮೇತ, ಅದೇ ಒದ್ದೆ ಬಟ್ಟೆಯಲ್ಲಿ. ಹೋಗುವಾಗ ಅವರು ಕೈ ಮುಗಿದಿದ್ದರು: "ಪೊಲೀಸು ಗಿಲೀಸು ಬ್ಯಾಡ ತಮ್ಮಾ. ಮನ್ಯಾಗ ಗೊತ್ತಾದ್ರ ನನ್ನ ಹೊಸ್ತಿಲ ದಾಟಾಕ ಬಿಡಂಗಿಲ್ಲ." ಅವನು ಇನ್ನೂ ಹಾಕದೆ ಇಟ್ಟುಕೊಂಡಿದ್ದನ್ನು ನಾವೇ ಹಾಕಬೇಕೇ? ಅವರನ್ನು ತೋರಿಸಿದರೆ ನನಗೆ ಕೆಲಸ, ಮುಚ್ಚಿದರೆ ನಾನು ಗೂಂಡಾ. ಯಾವ ಕಡೆ ಹೊರಳಿದರೂ ಗೋಡೆ.

ಬೇಕಿದ್ದರೆ ಆ ಸಿಸಿಟಿವಿ ವಿಡಿಯೊವನ್ನು ಮಹಿಳಾ ಅಧಿಕಾರಿಯೊಬ್ಬರು ಬಾಗಿಲು ಹಾಕಿಕೊಂಡು ನೋಡಲಿ. ಟಿಕೆಟ್ ಬುಕ್ ಮಾಡಿದವನ ನಂಬರ್ ನಿಮ್ಮಲ್ಲೇ ಇದೆ. ಅವನನ್ನು ಕರೆಸಿ, ಫೋನಿನಲ್ಲಿ ಉಳಿದಿದ್ದನ್ನು ಅಳಿಸಿ ಹಾಕಿಸಿ. ಗಾರ್ಡಿನ ಕೈ ಎಲ್ಲಿಯವರೆಗೆ ಚಾಚಬಹುದು ಅಂತ ಬರೆದು ಕೊಡಿ. ಇದ್ಯಾವುದೂ ಆಗದಿದ್ದರೆ ನನ್ನನ್ನು ತೆಗೆದುಹಾಕಿ. ಊರೂರು ತಿರುಗುವುದು ನನ್ನ ಮುಖ ಒಂದೇ ಆಗಿರಲಿ.

ಇಂತಿ,
ಸದ್ಯ ನಿಮ್ಮ ಗೇಟಿನ ಹೊರಗಿರುವ ಗೂಂಡಾ,
ಮೈಲಾರೇಶ್, ಹಡಗಲಿ ತಾಲ್ಲೂಕು